ಲಾ ಫರ್ಮ್ ನೋಡುವ ಅಂಕ ಯಾವುದು?

ಮಗನೋ ಮಗಳೋ ಕಾನೂನು ಓದಿ ದೊಡ್ಡ ಲಾ ಫರ್ಮ್ ಸೇರುತ್ತೇನೆ ಎಂದಾಗ ಮನೆಯವರು ಮೊದಲು ಕೇಳುವುದು, ‘ಅದಕ್ಕೆ ಎಷ್ಟು ಪರ್ಸೆಂಟ್ ಬೇಕು?’ ಎಂದು. ಇಂದು ಅದನ್ನೇ ನೋಡೋಣ.

ನಮ್ಮ ತಾಲೂಕು ಕೋರ್ಟಿನ ವಕೀಲರಿಗೆ ಈ ತಲೆನೋವಿಲ್ಲ. ಪದವಿ ಮುಗಿಸಿ, ಸನ್ನದು ಪಡೆದು, 2010ರಲ್ಲಿ ಬಂದ ಬಾರ್ ಪರೀಕ್ಷೆ ಪಾಸಾದರೆ ಆಯಿತು. ಯಾವ ಕಕ್ಷಿದಾರನೂ ಅಂಕಪಟ್ಟಿ ಕೇಳುವುದಿಲ್ಲ. ಲಾ ಫರ್ಮ್ ಹಾಗಲ್ಲ. ಮುಂಬಯಿ, ದೆಹಲಿ, ಬೆಂಗಳೂರಿನ ದೊಡ್ಡ ಫರ್ಮುಗಳಲ್ಲಿ ನೂರಾರು ವಕೀಲರಿರುತ್ತಾರೆ. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ, ಬ್ಯಾಂಕು ಕೋಟಿಗಟ್ಟಲೆ ಸಾಲ ಕೊಡುವಾಗ ಕರಾರುಪತ್ರ ಸಿದ್ಧಪಡಿಸುವುದು ಇವರ ಕೆಲಸ. ಇವರಲ್ಲಿ ಅನೇಕರು ಕರಿ ಕೋಟು ಹಾಕುವುದೇ ಅಪರೂಪ.

12ನೇ ತರಗತಿಯಲ್ಲಿ ಬೇಕಾದ ಅಂಕ ಕಡಿಮೆಯೇ. 5 ವರ್ಷದ ಕೋರ್ಸಿಗೆ ಕ್ಲ್ಯಾಟ್ ಪರೀಕ್ಷೆ ಬರೆಯಲು ಸಾಮಾನ್ಯ ವರ್ಗಕ್ಕೆ ಶೇಕಡಾ 45, ಪರಿಶಿಷ್ಟ ಜಾತಿ, ಪಂಗಡಗಳಿಗೆ 40 ಸಾಕು. ಕಷ್ಟವಿರುವುದು ಪರೀಕ್ಷೆಯಲ್ಲಿ: 2 ಗಂಟೆ, 120 ಪ್ರಶ್ನೆ, ಎಲ್ಲವೂ ಇಂಗ್ಲಿಷಿನಲ್ಲಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್, ಹೈದರಾಬಾದಿನ ನಲ್ಸಾರ್, ಕೊಚ್ಚಿಯ ನುವಾಲ್ಸ್ ಮುಂತಾದೆಡೆ ಸೀಟು ಕೊಡುವುದು ಈ ರ‍್ಯಾಂಕ್ ನೋಡಿ.

ಇನ್ನು ಮುಖ್ಯ ವಿಷಯ. ಫರ್ಮುಗಳು ಐದು ವರ್ಷದ ಒಟ್ಟು ಅಂಕಕ್ಕೆ ಕಾಯುವುದಿಲ್ಲ. ಪ್ರಮುಖ ಕಾಲೇಜುಗಳಲ್ಲಿ ಆಯ್ಕೆ ಸಾಮಾನ್ಯವಾಗಿ ನಾಲ್ಕನೇ ವರ್ಷ ಮುಗಿಯುವ ಹೊತ್ತಿಗೇ ನಡೆಯುತ್ತದೆ. ಅದಕ್ಕೂ ಮೊದಲು ಇಂಟರ್ನ್‌ಶಿಪ್ಪಿಗೆ ಅರ್ಜಿ ಹಾಕಿದಾಗಲೇ ಅಂಕ ನೋಡುತ್ತಾರೆ. ಅಲ್ಲಿ ಮೆಚ್ಚಿದವರಿಗೆ ಕೆಲಸವನ್ನೂ ಕೊಡುವುದುಂಟು. ಅಂದರೆ ಲೆಕ್ಕಕ್ಕೆ ಬರುವುದು ಮೊದಲ ಎರಡು ಮೂರು ವರ್ಷದ ಅಂಕ. ಇಷ್ಟೇ ಬೇಕೆಂಬ ಒಂದೇ ಗೆರೆಯೂ ಇಲ್ಲ. ಒಂದು ಕಾಲೇಜು 10ಕ್ಕೆ ಅಂಕ ಕೊಟ್ಟರೆ, ಬೆಂಗಳೂರಿನ ಲಾ ಸ್ಕೂಲಿನಲ್ಲಿ ಬಹುಕಾಲ 7ಕ್ಕೆ ಕೊಡುತ್ತಿದ್ದರು. ಆದ್ದರಿಂದ ತರಗತಿಯಲ್ಲಿ ಎಷ್ಟನೆಯವರು ಎಂಬುದಕ್ಕೇ ಬೆಲೆ.

ಕಾಸರಗೋಡು, ತಾಳವಾಡಿ, ಜತ್ತದ ಕನ್ನಡ ಶಾಲೆಗಳಿಂದ ಹೋದ ಮಕ್ಕಳಿಗೆ ಪೆಟ್ಟು ಬೀಳುವುದು ಇಲ್ಲೇ. ಬುದ್ಧಿ ಕಡಿಮೆಯೆಂದಲ್ಲ. ಇಂಗ್ಲಿಷಿನಲ್ಲಿ ಪುಟಗಟ್ಟಲೆ ಬರೆಯುವುದು ಕೈಗೆ ಹತ್ತಲು ಒಂದು ವರ್ಷ ಬೇಕು, ಆ ವರ್ಷದ ಅಂಕವೇ ಮುಖ್ಯವಾಗಿಬಿಡುತ್ತದೆ. ಮೂರನೇ ವರ್ಷ ಮೇಲೆದ್ದವರನ್ನೂ ಮೊದಲ ವರ್ಷ ಕೆಳಗೆಳೆಯುತ್ತದೆ. ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ, ಆದರೆ ನಡೆಯುವುದು ಹೀಗೆ. ಹತ್ತನೇ ತರಗತಿ ಮುಗಿದೊಡನೆ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿ, ಅದರ ಸಾರವನ್ನು ಹತ್ತು ಸಾಲಿನಲ್ಲಿ ಬರೆಸಿ. ಕ್ಲ್ಯಾಟ್‌ಗೂ ಅದೇ ತಯಾರಿ.

ಇನ್ನೊಂದು ಮಾತು. ಬೆಂಗಳೂರಿನ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇಕಡಾ 25 ಸೀಟು ಉಂಟು. ಅದಕ್ಕೆ ಕರ್ನಾಟಕದ ಶಾಲೆಯಲ್ಲಿ ಹತ್ತು ವರ್ಷ ಓದಿರಬೇಕು. ಮನೆಮಾತು ಕನ್ನಡವಾದರೆ ಸಾಲದು. ನಾವಿರುವ ರಾಜ್ಯದ ಕಾನೂನು ವಿಶ್ವವಿದ್ಯಾಲಯದಲ್ಲಿ ಅಲ್ಲಿನ ನಿವಾಸಿಗಳಿಗೆ ಮೀಸಲು ಇದೆಯೇ ಎಂದು ವಿಚಾರಿಸಿ, ವಾಸಸ್ಥಳದ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಈಚಿನ ವರ್ಷಗಳಲ್ಲಿ ಕ್ಲ್ಯಾಟ್ ನಡೆಯುತ್ತಿರುವುದು ಡಿಸೆಂಬರಿನಲ್ಲಿ, 12ನೇ ತರಗತಿಯ ಪರೀಕ್ಷೆಗಿಂತ ಮೊದಲೇ.