ಗಣಕ ರೇಖಾಚಿತ್ರಣದಲ್ಲಿ ಬಿಂದುನಿಷ್ಠೆ

ಎರಡು ಅಕ್ಷರಗಳು ಕಾಲವಿಳಂಬವಿಲ್ಲದೆ ಕೂಡುವುದೇ ಸಂಧಿಯೆಂದು ವ್ಯಾಕರಣವು ಹೇಳುತ್ತದೆ. ನಡುವೆ ವಿರಾಮ ಬಂದರೆ ಅವು ನೆರೆಹೊರೆಯ ಅಕ್ಷರಗಳಷ್ಟೇ, ಸಂಧಿಯಲ್ಲ. ನಕ್ಷೆಯ ಗೆರೆಗಳಿಗೂ ಈ ಮಾತು ಸಲ್ಲುತ್ತದೆ. ಟೀ-ಸ್ಕ್ವೇರ್, ಕೈವಾರಗಳನ್ನು ಹಿಡಿದು ಕಾಗದದ ಮೇಲೆ ನಕ್ಷೆ ಬರೆಯುತ್ತಿದ್ದ ಕಾಲದಲ್ಲಿ ಎರಡು ಗೆರೆಗಳು ಕೂಡಿದುವೇ ಇಲ್ಲವೇ ಎಂಬುದನ್ನು ಕಣ್ಣು ನಿರ್ಣಯಿಸುತ್ತಿತ್ತು. ಕೂದಲೆಳೆಯಷ್ಟು ಅಂತರವನ್ನು ಸೀಸದ ದಪ್ಪವೇ ಮುಚ್ಚುತ್ತಿತ್ತು. ಗಣಕಯಂತ್ರದಲ್ಲಿ ಈ ವಿನಾಯಿತಿಯಿಲ್ಲ. ಅಲ್ಲಿ ಸರಳರೇಖೆಯೆಂದರೆ ಅದರ ಎರಡು ತುದಿಗಳ ಸ್ಥಾನವನ್ನು ಹೇಳುವ ಸಂಖ್ಯೆಗಳು. ಒಂದರ ತುದಿಯ ಸಂಖ್ಯೆಗಳೇ ಇನ್ನೊಂದರ ತುದಿಗೂ ಇದ್ದರೆ ಅವು ಕೂಡಿದುವು. ಇಲ್ಲವಾದರೆ, ಎಷ್ಟೇ ಸಮೀಪದಲ್ಲಿದ್ದರೂ, ಬೇರೆಬೇರೆ.

ಈ ತೊಡಕನ್ನು ಈ ವಿದ್ಯೆಯ ಆದ್ಯರು ಆರಂಭದಲ್ಲಿಯೇ ಕಂಡುಕೊಂಡಿದ್ದರು. ಐವನ್ ಸದರ್ಲೆಂಡ್ ಅವರು 1963ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಗೆ ಸಲ್ಲಿಸಿದ ಸಂಶೋಧನ ಪ್ರಬಂಧದ ವಿಷಯ ‘ಸ್ಕೆಚ್‌ಪ್ಯಾಡ್’ ಎಂಬ ಚಿತ್ರಣ ವ್ಯವಸ್ಥೆ. ಅದರಲ್ಲಿ ಬೆಳಕಿನ ಲೇಖನಿಯು ಮೊದಲೇ ಇದ್ದ ಬಿಂದುವೊಂದರ ಸಮೀಪಕ್ಕೆ ಬಂದರೆ, ಯಂತ್ರವು ಲೇಖನಿಯಿದ್ದ ಸ್ಥಾನವನ್ನು ಬಿಟ್ಟು ಆ ಬಿಂದುವನ್ನೇ ಸ್ವೀಕರಿಸುತ್ತಿತ್ತು. 1982ರಲ್ಲಿ ಮೊದಲು ಹೊರಬಂದ ಆಟೋಕ್ಯಾಡ್ ತಂತ್ರಾಂಶದಲ್ಲಿ ಇಂದು ಈ ಸೌಲಭ್ಯಕ್ಕೆ ‘ಆಬ್ಜೆಕ್ಟ್ ಸ್ನ್ಯಾಪ್’ ಎಂದು ಹೆಸರು. ಎಫ್ 3 ಕೀಲಿಯನ್ನೊತ್ತಿ ಇದನ್ನು ಜಾಗೃತಗೊಳಿಸಬಹುದು, ಶಮನಗೊಳಿಸಲೂಬಹುದು.

ರೇಖೆಯನ್ನೆಳೆಯುವ ಆಜ್ಞೆಯನ್ನಿತ್ತು ಸೂಚಕವನ್ನು ಹಳೆಯ ಗೆರೆಯೊಂದರ ಬಳಿಗೆ ಒಯ್ದರೆ ತೆರೆಯ ಮೇಲೆ ಸಣ್ಣ ಚಿಹ್ನೆಯೊಂದು ಮೂಡುತ್ತದೆ. ಚೌಕವಾದರೆ ಅದು ಗೆರೆಯ ತುದಿ, ತ್ರಿಕೋನವಾದರೆ ಮಧ್ಯಬಿಂದು, ವೃತ್ತವಾದರೆ ಕೇಂದ್ರ, ಗುಣಾಕಾರದ ಗುರುತಾದರೆ ಎರಡು ಗೆರೆಗಳು ಛೇದಿಸುವ ಸ್ಥಾನ. ಆ ಚಿಹ್ನೆಯನ್ನು ಓದಿಕೊಂಡ ಮೇಲೆಯೇ ಗುಂಡಿಯನ್ನೊತ್ತಬೇಕು. ಓದದೆ ಒತ್ತುವುದು, ಪದಚ್ಛೇದವರಿಯದೆ ಪದ್ಯವನ್ನು ವಾಚಿಸಿದಂತೆ.

ಉದಾಹರಣೆಗೆ, 4 ಮೀಟರ್ ಉದ್ದ, 3 ಮೀಟರ್ ಅಗಲದ ಕೋಣೆಯೊಂದರ ಮೂಲೆಯಲ್ಲಿ 2 ಮಿಲಿಮೀಟರ್ ಬಿರುಕು ಉಳಿಯಿತೆಂದು ಭಾವಿಸೋಣ. ನೂರರಲ್ಲಿ ಒಂದರ ಪ್ರಮಾಣದಲ್ಲಿ ಮುದ್ರಿಸಿದಾಗ ಅದು 0.02 ಮಿಲಿಮೀಟರ್ ಆಗುತ್ತದೆ. ಯಾವ ಪರೀಕ್ಷಕರ ಕಣ್ಣಿಗೂ ಬೀಳದು. ಆದರೆ ಆ ಕೋಣೆಯೊಳಗೆ ಓರೆಗೆರೆಗಳನ್ನು ತುಂಬಿಸಹೋದರೆ, ಎಲ್ಲೆ ಮುಚ್ಚಿಲ್ಲವೆಂದು ಯಂತ್ರವು ನಿರಾಕರಿಸುತ್ತದೆ. ಇದಕ್ಕಿಂತ ಅಪಾಯಕರವಾದುದು ಸದ್ದಿಲ್ಲದೆ ಬೆಳೆಯುವ ದೋಷ. ಒಂದು ಕಂಬದಿಂದ ಮುಂದಿನ ಕಂಬವನ್ನು ನಕಲು ಮಾಡುವಾಗ ಪ್ರತಿಸಲವೂ 0.3 ಮಿಲಿಮೀಟರ್ ಒಂದೇ ದಿಕ್ಕಿಗೆ ಜರುಗಿದರೆ, ನಲವತ್ತನೆಯ ನಕಲಿನ ವೇಳೆಗೆ 12 ಮಿಲಿಮೀಟರ್ ವ್ಯತ್ಯಾಸವಾಗುತ್ತದೆ. ಅಳತೆಗಳನ್ನು ಪೂರ್ಣಾಂಕದಲ್ಲಿ ತೋರಿಸುವಂತೆ ಏರ್ಪಡಿಸಿದ್ದರೆ 2999.7 ಎಂಬುದು 3000 ಎಂದೇ ಕಾಣುವುದರಿಂದ, ತಪ್ಪು ಗೋಚರಿಸುವುದು ನಿರ್ಮಾಣದ ಸ್ಥಳದಲ್ಲಿಯೇ.

ಕಲಿಯುವವರು ಸಾಮಾನ್ಯವಾಗಿ ಮೂರು ವಿಧದಲ್ಲಿ ಎಡವುತ್ತಾರೆ. ಮೊದಲನೆಯದು, ಎಲ್ಲ ಬಗೆಯ ಸ್ನ್ಯಾಪ್‌ಗಳನ್ನೂ ಒಟ್ಟಿಗೆ ಜಾಗೃತವಾಗಿಡುವುದು. ಗೆರೆಗಳು ದಟ್ಟವಾಗಿರುವೆಡೆ ಆಗ ಬಯಸಿದ ಬಿಂದುವಿನ ಬದಲು ನೆರೆಯ ಬಿಂದು ಸೆಳೆದುಕೊಳ್ಳುತ್ತದೆ. ತುದಿ, ಮಧ್ಯ, ಕೇಂದ್ರ, ಛೇದನ ಈ ನಾಲ್ಕು ನಿತ್ಯದ ಕೆಲಸಕ್ಕೆ ಸಾಕು. ಲಂಬ, ಸ್ಪರ್ಶರೇಖೆ ಮುಂತಾದುವು ಬೇಕಾದಾಗ ಶಿಫ್ಟ್ ಕೀಲಿಯೊಡನೆ ಮೌಸಿನ ಬಲಗುಂಡಿಯನ್ನೊತ್ತಿ ಆ ಒಂದು ಸಲಕ್ಕೆ ಮಾತ್ರ ಆರಿಸಿಕೊಳ್ಳಬಹುದು. ಎರಡನೆಯದು, ‘ನಿಯರೆಸ್ಟ್’ ಎಂಬುದನ್ನು ನಂಬುವುದು. ಡಮರುಗದಂತಹ ಚಿಹ್ನೆಯ ಇದು ಗೆರೆಯ ಮೇಲಿನ ಯಾವುದೋ ಒಂದು ಬಿಂದುವನ್ನು ಹಿಡಿಯುತ್ತದೆಯೇ ಹೊರತು ತುದಿಯನ್ನೇ ಹಿಡಿಯುವುದೆಂಬ ಭರವಸೆಯಿಲ್ಲ. ಮೂರನೆಯದು, ಎಫ್ 9 ಕೀಲಿಯ ‘ಗ್ರಿಡ್ ಸ್ನ್ಯಾಪ್’ ಅನ್ನು ಇದರೊಡನೆ ಗೊಂದಲ ಮಾಡಿಕೊಳ್ಳುವುದು. ಅದು ಸೂಚಕವನ್ನು ನಿಗದಿಯಾದ ಅಂತರಗಳಲ್ಲಿ ನೆಗೆಸುತ್ತದೆ. ಎಳೆದಿರುವ ಗೆರೆಗಳ ಪರಿವೆ ಅದಕ್ಕಿಲ್ಲ.

ಆದುದರಿಂದ ಈ ವಿದ್ಯೆಯನ್ನು ಬೋಧಿಸುವವರು ವಿದ್ಯಾರ್ಥಿಯ ನಕ್ಷೆಯನ್ನು ಮುದ್ರಿತ ಹಾಳೆಯಲ್ಲಷ್ಟೇ ನೋಡಿ ಅಂಕವೀಯುವುದು ಸಾಲದು. ಗೆರೆಗಳನ್ನು ಒಂದುಗೂಡಿಸಿ, ಎಲ್ಲೆ ಮುಚ್ಚುವುದೇ ಎಂದು ಯಂತ್ರದಲ್ಲಿಯೇ ಪರೀಕ್ಷಿಸಬೇಕು. ಅಳತೆಗಳನ್ನು ದಶಮಾಂಶ ಸಹಿತ ತೆರೆದು ನೋಡಬೇಕು. ಅಂದವಾಗಿ ಕಾಣುವ ನಕ್ಷೆಯನ್ನು ಕೈ ಬರೆದೀತು. ಆದರೆ ಆ ನಕ್ಷೆಯನ್ನು ನಂಬಿ ಮನೆ ಕಟ್ಟುವವರೂ ಲೋಹ ಕತ್ತರಿಸುವವರೂ ಇದ್ದಾರೆಂಬ ಎಚ್ಚರವನ್ನು ಗುರುವೇ ಕಲಿಸಬೇಕು.