ದಿಂಬು ಕಸಿಯುವ ಸಿಸ್ಟರ್

ಹರಿಹರದಲ್ಲಿ ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹರಿಹರೇಶ್ವರ ದೇವಸ್ಥಾನದ ಆಚೆಯ ಓಣಿಯಲ್ಲಿ ಹೆಸರು ಹೇಳಿದೆ. ಹೂ ಕಟ್ಟುತ್ತಿದ್ದ ಹೆಂಗಸು ಒಂದು ಗಳಿಗೆ ಯೋಚಿಸಿ, ‘ಯಾರು, ದಿಂಬು ಕಸ್ಕೊಳ್ಳೋ ಸಿಸ್ಟರಾ? ಆ ನೀಲಿ ಬಾಗಿಲು ನೋಡ್ರಿ’ ಎಂದರು.

ದಾವಣಗೆರೆಯ ಆಸ್ಪತ್ರೆಯೊಂದರ ಬರ್ನ್ಸ್ ವಾರ್ಡಿನಲ್ಲಿ 19 ವರ್ಷ ಕೆಲಸ ಮಾಡಿ ನಿವೃತ್ತರಾದವರು ಅವರು. ಹೆಸರು ಬರೆಯಬೇಡಿ ಎಂದಿದ್ದಾರೆ, ಆದ್ದರಿಂದ ಇಲ್ಲಿಯೂ ಸಿಸ್ಟರ್ ಅಂತಲೇ ಕರೆಯುತ್ತೇನೆ. ಸುಟ್ಟಗಾಯದವರ ಆರೈಕೆಗೆಂದೇ ನರ್ಸುಗಳಿಗೆ ಪ್ರತ್ಯೇಕ ತರಬೇತಿ, ಪ್ರತ್ಯೇಕ ಪ್ರಮಾಣಪತ್ರ ಇದೆ ಎಂದು ತಿಳಿದು, ಅದರ ಬಗ್ಗೆ ಬರೆಯಲು ಹೊರಟವನು ನಾನು. ಆದರೆ ಆ ಅಡ್ಡಹೆಸರು ಕಿವಿಗೆ ಬಿದ್ದ ಮೇಲೆ ಮೊದಲು ಕೇಳಿದ್ದು ದಿಂಬಿನ ವಿಷಯ.

‘ಕುತ್ತಿಗಿ ಸುಟ್ಟೋರಿಗೆ ದಿಂಬು ಕೊಡಬಾರದಪ್ಪಾ. ಮನೆಯೋರು ಪಾಪ ಅಂತ ಮೆತ್ತನ್ನ ದಿಂಬು ತಂದು ತಲೆ ಕೆಳಗೆ ಇಡ್ತಾರೆ. ರೋಗಿಗೂ ಹಾಯ್ ಅನಿಸ್ತೈತಿ. ಕುತ್ತಿಗಿ ಮುಂದಕ್ಕೆ ಬಾಗಿರ್ತೈತಿ ನೋಡು, ಹೊಸ ಚರ್ಮ ಹಂಗೇ ಬಾಗಿದಲ್ಲೇ ಬೆಳೀತೈತಿ. ಬೆಳೀತಾ ಬೆಳೀತಾ ಬಿಗೀತೈತಿ. ಎರಡು ತಿಂಗಳು ಹೋಗಲಿ, ಗದ್ದ ಎದಿಗೆ ಅಂಟಿರ್ತೈತಿ.’

ಅವರು ವಾರ್ಡಿಗೆ ಬಂದ ಹೊಸತರಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಜನರಲ್ ನರ್ಸಿಂಗ್ ಓದಿನಲ್ಲಿ ಸುಟ್ಟಗಾಯಕ್ಕೆ ಸಿಕ್ಕಿದ್ದು ಕೆಲವು ಪುಟ. ಮೊದಲ ವರ್ಷ ಒಬ್ಬ ಹುಡುಗ ಬಂದಿದ್ದ, ಎಂಟೋ ಒಂಬತ್ತೋ ವಯಸ್ಸು, ಕುದಿಯುವ ಸಾರು ಮೈಮೇಲೆ ಬಿದ್ದಿತ್ತು. ದಿನವೂ ಡ್ರೆಸ್ಸಿಂಗ್ ಮಾಡಿದರು, ಕೀವಾಗದಂತೆ ಕಾದರು, ಗಾಯ ಮಾಯಿತು. ವಾರ್ಡಿನವರೆಲ್ಲ ಸಿಹಿ ತಿಂದು ಕಳಿಸಿಕೊಟ್ಟರು. ಮತ್ತೆ ಬಂದಾಗ ಅವನಿಗೆ ತಲೆ ಎತ್ತಿ ಯಾರ ಮುಖವನ್ನೂ ನೋಡಲು ಆಗುತ್ತಿರಲಿಲ್ಲ. ಕೆಳತುಟಿ ಜಗ್ಗಿ ಬಾಯಿ ಮುಚ್ಚುತ್ತಿರಲಿಲ್ಲ, ಜೊಲ್ಲು ಸುರಿಯುತ್ತಿತ್ತು. ‘ಅವನಿಗೆ ನಾನೇ ದಿಂಬು ಕೊಟ್ಟಿದ್ದೆ’ ಎಂದರು ಸಿಸ್ಟರ್. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಆಮೇಲಿನಿಂದ ಶುರುವಾಯಿತು ದಿಂಬು ಕಸಿಯುವುದು. ದಿಂಬಿನ ಬದಲು ಹಳೆ ಸೀರೆಯನ್ನು ಬಿಗಿಯಾಗಿ ಸುತ್ತಿ, ಹೊಲಿದು, ಸುರುಳಿ ಮಾಡಿ ಹೆಗಲುಗಳ ಕೆಳಗೆ ಅಡ್ಡ ಇಡುವುದು. ಆಗ ತಲೆ ತಾನಾಗಿ ಹಿಂದಕ್ಕೆ ಇಳಿದು ಕುತ್ತಿಗೆ ಚಾಚಿಕೊಳ್ಳುತ್ತದೆ. ಕಂಕುಳ ಸುಟ್ಟಿದ್ದರೆ ಕೈ ಪಕ್ಕಕ್ಕೆ ಚಾಚಿರಬೇಕು. ಮೊಣಕೈ ಒಳಭಾಗ ಸುಟ್ಟಿದ್ದರೆ ಕೈ ನೇರ ಇರಬೇಕು. ನೋವು ತಾಳದೆ ಮೈ ಯಾವ ಕಡೆ ಮುದುಡಿಕೊಳ್ಳಲು ನೋಡುತ್ತದೋ ಅದರ ಎದುರು ಕಡೆಗೆ ಅದನ್ನು ಇರಿಸಬೇಕು. ರೋಗಿ ಬಯ್ಯುತ್ತಾರೆ, ತಾಯಂದಿರು ಜಗಳಕ್ಕೆ ಬರುತ್ತಾರೆ. ರಾತ್ರಿ ಪಾಳಿಯಲ್ಲಿ ಮನೆಯವರು ಕದ್ದು ದಿಂಬು ಇಟ್ಟಿದ್ದಾರೆಯೇ ಎಂದು ಹಾಸಿಗೆಯಿಂದ ಹಾಸಿಗೆಗೆ ನೋಡುತ್ತ ಹೋಗಬೇಕು. 19 ವರ್ಷ ಅವರು ಮಾಡಿದ್ದು ಅದನ್ನೇ.

ದಾವಣಗೆರೆ ಬೆಂಕಿಯ ಮೇಲೆ ಬದುಕಿದ ಊರು. ಇಲ್ಲಿ ಮಂಡಕ್ಕಿ ಬಟ್ಟಿಗಳದ್ದೇ ಒಂದು ಬಡಾವಣೆಯಿದೆ, ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು ಬೆಳಗಿನ ಜಾವದಿಂದ ಕೇಳುತ್ತದೆ. ಬೆಣ್ಣೆ ದೋಸೆಯ ಹಂಚು, ಮಿರ್ಚಿ ಕರಿಯುವ ಬಾಣಲೆ, ಹರಿಹರದ ಕಡೆ ಎರಕದ ಕುಲುಮೆ. ಕಾದ ಮರಳು ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಎಣ್ಣೆ ಆಳಕ್ಕೆ ಸುಡುತ್ತದೆ, ಬಿಸಿನೀರು ಮೇಲ್ಮೈಯನ್ನು ಅಗಲವಾಗಿ ಹಿಡಿಯುತ್ತದೆ ಎಂದು ಸಿಸ್ಟರ್ ಒಂದೊಂದನ್ನೂ ಬೇರೆ ಬೇರೆ ಮಾಡಿ ಹೇಳಿದರು. ಹೊರಗೆ ಬಟ್ಟೆ ಸುತ್ತಿ ತಂದಿದ್ದರೂ ಗಾಯದ ಬಣ್ಣ ಮತ್ತು ವಾಸನೆಯಿಂದ ಯಾವುದರಿಂದ ಸುಟ್ಟಿದ್ದು ಎಂದು ಗೊತ್ತಾಗುತ್ತಿತ್ತಂತೆ. ಮೇಲೆ ಹಚ್ಚಿ ತರುತ್ತಿದ್ದುದೂ ಹಲವು ಬಗೆ: ದೋಸೆ ಹಿಟ್ಟು, ಇಂಕು, ಅರಿಶಿನ, ಈಚೆಗೆ ಟೂತ್‌ಪೇಸ್ಟ್. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದಿದ್ದರೆ ಸಾಕಿತ್ತು ಎಂಬ ಮಾತನ್ನು ಸಾವಿರ ಸಲ ಹೇಳಿದ್ದೇನೆ ಎಂದರು.

ಹೊಸ ರೋಗಿ ಬಂದ ಕೂಡಲೇ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಹೆಸರಲ್ಲ, ಊರಲ್ಲ. ‘ಎಷ್ಟು ಗಂಟೀಗೆ ಸುಟ್ಟಿದ್ದು?’

ಇದರ ಹಿಂದೆ ಲೆಕ್ಕವಿದೆ. ಹೆಚ್ಚು ಸುಟ್ಟವರ ಮೈಯಿಂದ ನೀರಿನಂಶ ರಕ್ತನಾಳಗಳಿಂದಾಚೆ ಸೋರಿ ಹೋಗುತ್ತದೆ. ಮೊದಲ ದಿನ ಜೀವ ತೆಗೆಯುವುದು ಗಾಯಕ್ಕಿಂತ ಹೆಚ್ಚಾಗಿ ಈ ಸೋರಿಕೆ. ಚಾರ್ಲ್ಸ್ ಬ್ಯಾಕ್ಸ್‌ಟರ್ ಎಂಬ ಅಮೆರಿಕದ ವೈದ್ಯರು 1968ರ ಹೊತ್ತಿಗೆ ರೂಪಿಸಿದ ಪಾರ್ಕ್‌ಲ್ಯಾಂಡ್ ಸೂತ್ರ ಇಂದಿಗೂ ವಾರ್ಡುಗಳಲ್ಲಿ ಬಳಕೆಯಲ್ಲಿದೆ. ತೂಕದ ಕಿಲೋ, ಸುಟ್ಟ ಭಾಗದ ಶೇಕಡಾ, ಇವೆರಡನ್ನೂ ಗುಣಿಸಿ ಮತ್ತೆ 4ರಿಂದ ಗುಣಿಸಬೇಕು. 60 ಕಿಲೋ ತೂಕದವರಿಗೆ ಶೇ 30 ಸುಟ್ಟಿದ್ದರೆ 24 ಗಂಟೆಯಲ್ಲಿ 7,200 ಮಿಲಿಲೀಟರ್ ಡ್ರಿಪ್. ಅದರಲ್ಲಿ ಅರ್ಧ ಮೊದಲ 8 ಗಂಟೆಯೊಳಗೆ ಹೋಗಬೇಕು. ಆ 8 ಗಂಟೆ ಶುರುವಾಗುವುದು ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ, ಬೆಂಕಿ ತಗುಲಿದ ಹೊತ್ತಿನಿಂದ. ಹಳ್ಳಿಯಿಂದ ಟ್ರ್ಯಾಕ್ಟರು, ಬಸ್ಸು, ಆಟೊ ಹಿಡಿದು ಬರುವಷ್ಟರಲ್ಲಿ 5 ಗಂಟೆ ಕಳೆದಿದ್ದರೆ ಆ 3,600 ಮಿಲಿಲೀಟರನ್ನು ಉಳಿದ 3 ಗಂಟೆಯಲ್ಲಿ ಕೊಡಬೇಕು.

ಗಡಿಯಾರ ನೋಡಿ ಯಾರೂ ಸುಟ್ಟುಕೊಳ್ಳುವುದಿಲ್ಲ. ‘ಹಾಲು ಕರೆಯೋ ಹೊತ್ತಿಗೆ’, ‘ಸೈರನ್ ಆದ ಮ್ಯಾಲೆ’, ‘ಸೀರಿಯಲ್ ಮುಗಿದಿತ್ತು’ ಎಂಬ ಉತ್ತರಗಳನ್ನೆಲ್ಲ ಸಿಸ್ಟರ್ ಗಂಟೆ ನಿಮಿಷಕ್ಕೆ ಇಳಿಸಿ ಕೇಸ್ ಶೀಟಿನಲ್ಲಿ ಬರೆಯುತ್ತಿದ್ದರು. ದಾವಣಗೆರೆಯ ಹತ್ತಿ ಗಿರಣಿಗಳ ಸೈರನ್ ಒಂದೊಂದಾಗಿ ನಿಂತ ಮೇಲೆ ಆ ಲೆಕ್ಕವೂ ಕಷ್ಟವಾಯಿತು ಎಂದರು. ಕೆಲವರು ಬೇಕೆಂದೇ ಹೊತ್ತು ತಪ್ಪಿಸಿ ಹೇಳುತ್ತಿದ್ದರು, ಪೊಲೀಸರ ಭಯ. ಅಂಥವರ ಹತ್ತಿರ ಅವರು ಒಂದೇ ಮಾತು ಹೇಳುತ್ತಿದ್ದರಂತೆ: ‘ಪೊಲೀಸರಿಗೆ ಏನಾರ ಹೇಳ್ರಿ, ನನಗೆ ಟೈಮ್ ಒಂದು ಖರೇ ಹೇಳ್ರಿ.’

ಶೇಕಡಾ ಅಳೆಯುವುದಕ್ಕೂ ಕ್ರಮವಿದೆ. ದೊಡ್ಡವರಾದರೆ ಒಂಬತ್ತರ ಲೆಕ್ಕ: ತಲೆ 9, ಒಂದೊಂದು ತೋಳು 9, ಒಂದೊಂದು ಕಾಲು 18, ಮುಂಡದ ಮುಂಭಾಗ 18, ಬೆನ್ನು 18. ಮಕ್ಕಳ ತಲೆ ಮೈಯ ಅಳತೆಗೆ ಹೋಲಿಸಿದರೆ ದೊಡ್ಡದಾದ್ದರಿಂದ ಅವರಿಗೆ 1944ರಲ್ಲಿ ಲಂಡ್ ಮತ್ತು ಬ್ರೌಡರ್ ಬರೆದಿಟ್ಟ ಬೇರೆ ಪಟ್ಟಿ. ಅಲ್ಲಲ್ಲಿ ಚದುರಿದ ಗಾಯಕ್ಕೆ ರೋಗಿಯದೇ ಅಂಗೈ ಅಳತೆ. ಬೆರಳು ಸೇರಿದ ಒಂದು ಅಂಗೈ ಅಂದರೆ ಸುಮಾರು ಶೇ 1. ‘ನನ್ನ ಅಂಗೈ ಅಲ್ಲ, ರೋಗೀದು’ ಎಂದು ಸಿಸ್ಟರ್ ಎರಡು ಸಲ ಒತ್ತಿ ಹೇಳಿದರು. ಮಗುವಿನ ಗಾಯವನ್ನು ತಮ್ಮ ಅಂಗೈಯಲ್ಲಿ ಅಳೆದ ಹೊಸಬರನ್ನು ಅವರು ಕಂಡಿದ್ದರು.

ಡ್ರೆಸ್ಸಿಂಗಿನ ಬಗ್ಗೆ ಅವರು ಹೆಚ್ಚು ಹೇಳಲಿಲ್ಲ. ನೋವಿನ ಮದ್ದು ಕೊಟ್ಟು ಅದು ಹತ್ತುವವರೆಗೆ ಕಾಯಬೇಕು, ಅಂಟಿದ ಬಟ್ಟೆಯನ್ನು ನೆನೆಸಿ ಬಿಡಿಸಬೇಕು, ಮಕ್ಕಳಿಗೆ ಸುಳ್ಳು ಹೇಳಬಾರದು, ಅಷ್ಟೆ. ಆದರೆ ಬಾಳೆಲೆಯ ಮಾತು ಬಂದಾಗ ಮುಖ ಅರಳಿತು. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಡಾ. ಮಾಧುರಿ ಗೋರೆ ಮತ್ತು ಸಂಗಡಿಗರು ಬಾಳೆಲೆಯನ್ನು ಬ್ಯಾಂಡೇಜ್ ಬಟ್ಟೆಗೆ ಅಂಟಿಸಿ, ಆಟೋಕ್ಲೇವ್‌ನಲ್ಲಿ ಶುದ್ಧಿ ಮಾಡಿ ಗಾಯಕ್ಕೆ ಹೊದಿಸುವ ವಿಧಾನವನ್ನು ಬಳಕೆಗೆ ತಂದರು. ನಯವಾದ ಎಲೆ ಹಸಿ ಗಾಯಕ್ಕೆ ಅಂಟುವುದಿಲ್ಲ, ತೆಗೆಯುವಾಗ ಚರ್ಮ ಕೀಳುವುದಿಲ್ಲ, ಖರ್ಚಂತೂ ಇಲ್ಲವೆನ್ನುವಷ್ಟು ಕಡಿಮೆ. ‘ಊಟಕ್ಕೆ ಹಾಕೋ ಎಲೆ ಮ್ಯಾಲೆ ಮಗೀನ ಮಲಗಿಸೋದು’ ಎಂದರು.

ಹೆಣ್ಣುಮಕ್ಕಳ ಹಾಸಿಗೆಗಳ ಕಥೆ ಬೇರೆ. 80, 90ರ ದಶಕಗಳಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಬರ್ನ್ಸ್ ವಾರ್ಡಿನಿಂದ ಹಿಡಿದು ಜಿಲ್ಲಾ ಆಸ್ಪತ್ರೆಗಳವರೆಗೆ ನವವಿವಾಹಿತೆಯರ ಬಾಯಲ್ಲಿ ಒಂದೇ ವಾಕ್ಯ: ಸ್ಟೌ ಸಿಡಿಯಿತು. 1979ರಲ್ಲಿ ಹುಟ್ಟಿದ ವಿಮೋಚನಾ ಸಂಘಟನೆ ಆ ವಾಕ್ಯವನ್ನು ನಂಬದೆ ಹಾಸಿಗೆಯ ಪಕ್ಕ ಕೂತು ಕೇಳಿದ್ದರಿಂದ ಎಷ್ಟೋ ಸಾವುಗಳ ನಿಜ ಹೊರಬಂತು. ಸಿಸ್ಟರ್ ಸಂಘಟನೆಯವರಲ್ಲ. ಆದರೆ ತಹಶೀಲ್ದಾರರು ಮರಣಕಾಲದ ಹೇಳಿಕೆ ಬರೆದುಕೊಳ್ಳಲು ಬರುತ್ತಾರೆ ಎಂದು ಗೊತ್ತಾದ ಕೂಡಲೇ ಅತ್ತೆ, ಗಂಡ, ನಾದಿನಿ ಎಲ್ಲರನ್ನೂ ಔಷಧಿ ತರಲು, ರಕ್ತ ತರಲು, ಎಳನೀರು ತರಲು ಆಚೆ ಕಳಿಸಿಬಿಡುತ್ತಿದ್ದರು. ಆಮೇಲೆ ಕಿವಿಯ ಹತ್ತಿರ ಬಾಗಿ, ‘ಈಗ ಯಾರೂ ಇಲ್ಲ ತಂಗೀ’ ಎನ್ನುತ್ತಿದ್ದರು. ಅದು ಯಾವ ಪಠ್ಯದಲ್ಲಿದೆಯೋ ನಾನರಿಯೆ, ಇರಬೇಕಾದದ್ದು ಮಾತ್ರ ಹೌದು.

ಇನ್ನು ಪ್ರಮಾಣಪತ್ರದ ವಿಷಯ. 1947ರ ಕಾಯ್ದೆಯಡಿ ಸ್ಥಾಪನೆಯಾದ ಭಾರತೀಯ ಶುಶ್ರೂಷಾ ಪರಿಷತ್ತು ನೋಂದಾಯಿತ ನರ್ಸುಗಳಿಗಾಗಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳನ್ನು ರೂಪಿಸಿದೆ. ಹೃದಯ, ಕ್ಯಾನ್ಸರ್, ನವಜಾತ ಶಿಶು, ತುರ್ತು ನಿಗಾ, ಹೀಗೆ ಸಾಗುವ ಪಟ್ಟಿಯಲ್ಲಿ ಸುಟ್ಟಗಾಯದ ಶುಶ್ರೂಷೆಯೂ ಒಂದು. ತರಗತಿಗಿಂತ ಹೆಚ್ಚು ಕಾಲ ವಾರ್ಡಿನಲ್ಲೇ ಕಳೆಯುವ ಓದು ಅದು. ಅಮೆರಿಕದಲ್ಲಿ ತುರ್ತು ಶುಶ್ರೂಷೆಯ ಪ್ರಮಾಣೀಕರಣ ಮಂಡಳಿ ಸುಟ್ಟಗಾಯದ ನರ್ಸುಗಳಿಗೆಂದೇ ಪ್ರತ್ಯೇಕ ಪರೀಕ್ಷೆ ಆರಂಭಿಸಿದ್ದು 2023ರಲ್ಲಿ, ಅಂದರೆ ಅಲ್ಲಿಯೂ ಇದು ತೀರಾ ಹೊಸತು. ದಾವಣಗೆರೆಗೆ ವೈದ್ಯಕೀಯ ಓದು ಹೊಸದಲ್ಲ. ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರದು, ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಹಾಸಿಗೆಗಳ ಪಕ್ಕ ನಿಂತು ಕಲಿತ ವೈದ್ಯರು ಎಲ್ಲೆಲ್ಲೋ ಇದ್ದಾರೆ. ನರ್ಸಿಂಗ್ ಕಾಲೇಜುಗಳೂ ಬೇಕಾದಷ್ಟಿವೆ. ಬೆಂಕಿಯ ಕಸುಬುಗಳು ಇಷ್ಟೊಂದಿರುವ ಊರಿಗೆ ಈ ಒಂದು ವರ್ಷದ ಓದು ಎಷ್ಟು ಚೆನ್ನಾಗಿ ಒಪ್ಪುತ್ತಿತ್ತು ಎಂದು ನನಗೆ ಮತ್ತೆ ಮತ್ತೆ ಅನ್ನಿಸಿತು.

ಸಿಸ್ಟರ್ ಬಳಿ ಆ ಕಾಗದ ಇಲ್ಲ. ಒಂದು ವರ್ಷ ರಜೆ ಹಾಕಿ, ಸಂಬಳ ಬಿಟ್ಟು, ದೂರದ ಊರಿಗೆ ಹೋಗಿ ಓದುವ ಸ್ಥಿತಿ ಅವರದಾಗಿರಲಿಲ್ಲ. ಓದಿ ಬಂದರೂ ಅದೇ ವಾರ್ಡಿನಲ್ಲಿ ಉಳಿಸುತ್ತಾರೆಂಬ ಭರವಸೆಯೂ ಇರಲಿಲ್ಲ. ಅವರು 19 ವರ್ಷ ಉಳಿದದ್ದು ಬೇರೆ ಯಾರೂ ಅಲ್ಲಿಗೆ ಹೋಗಲು ಒಪ್ಪದ್ದರಿಂದ. ಕಾಗದ ಯಾಕೆ ಬೇಕು ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರದಲ್ಲಿ ಗೌರವದ ಮಾತಾಗಲಿ ಬಡ್ತಿಯ ಮಾತಾಗಲಿ ಇರಲಿಲ್ಲ. ‘ಕೈಯಾಗೆ ಕಾಗದ ಇದ್ರೆ, ಇವಳು ಬರ್ನ್ಸ್ ನರ್ಸು, ಇವಳನ್ನ ಎತ್ತಬ್ಯಾಡ್ರಿ ಅಂತ ಯಾರಾದ್ರೂ ಹೇಳಬಹುದು. ನಾನು ಕೈಹಿಡಿದು ಕಲಿಸಿದೋರು ಏಳು ಮಂದಿ. ಒಬ್ಬಳು ಹೆರಿಗೆ ವಾರ್ಡು, ಒಬ್ಬಳು ಲಸಿಕೆ, ಒಬ್ಬ ಹುಡುಗ ಆಪರೇಷನ್ ಥಿಯೇಟ್ರು. ಎಲ್ಲರೂ ಚಲೋ ಅದಾರೆ. ಅಲ್ಲಿ ಯಾರೂ ಇಲ್ಲ.’

ಹೊರಡುವಾಗ ಒಳಗಿನಿಂದ ಒಂದು ಕೈಚೀಲ ತಂದರು. ಹಳೆ ಕಾಟನ್ ಸೀರೆಯ ಸುರುಳಿಗಳು, ನಾಲ್ಕು. ಎರಡು ದೊಡ್ಡವು, ಎರಡು ಮಕ್ಕಳ ಅಳತೆಯವು, ಒಗೆದು ಬಿಸಿಲಿಗೆ ಒಣಗಿಸಿ ಸಣ್ಣ ಹೊಲಿಗೆ ಹಾಕಿದ್ದವು. ದಾವಣಗೆರೆಗೆ ಹೋಗುವವರು ಯಾರಾದರೂ ಸಿಕ್ಕರೆ ಹೀಗೆ ಕಳಿಸುತ್ತಿರುತ್ತಾರಂತೆ. ‘ಆಟೋಕ್ಲೇವಿಗೆ ಹಾಕಿ ಇಟ್ಕೊಳ್ಳಾಕ ಹೇಳಪ್ಪಾ’ ಎಂದರು.

ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಅರ್ಧ ಗಂಟೆ. ಚೀಲ ತೊಡೆಯ ಮೇಲಿತ್ತು. ವಾರ್ಡಿನ ಬಾಗಿಲಲ್ಲಿ ಬಂದು ಇಸಿದುಕೊಂಡ ನರ್ಸ್ ಚಿಕ್ಕ ವಯಸ್ಸಿನವಳು, ಅಲ್ಲಿಗೆ ಬಂದು ಮೂರನೇ ದಿನವಂತೆ. ಒಳಗೆ ಯಾವುದೋ ಮಗು ಅಳುತ್ತಿತ್ತು. ಅವಳು ಒಂದು ಸುರುಳಿಯನ್ನು ಹೊರತೆಗೆದು, ಒತ್ತಿ, ಅತ್ತಿತ್ತ ತಿರುಗಿಸಿ ನೋಡಿದಳು.

‘ಇದು ದಿಂಬಾ ಸರ್?’

ಹೆಗಲ ಕೆಳಗೆ ಇಡುವುದಂತೆ ಎಂದೆ.