ಟೇಕಾಫ್‌ಗೆ ಮುನ್ನ ವಿಮಾನದ ರೆಕ್ಕೆಯ ಪಟ್ಟಿ ಮೇಲೆ ಕೆಳಗೆ ಆಡಿದರೆ ಹೆದರಬೇಕೆ?

ಕಿಟಕಿ ಪಕ್ಕದ ಸೀಟಿನಿಂದ ತೆಗೆದ ಇಂಥ ವಿಡಿಯೊ ನಿಮಗೂ ಬಂದಿರಬಹುದು. ವಿಮಾನ ಇನ್ನೂ ನೆಲದಲ್ಲೇ ಇದೆ, ಆದರೆ ರೆಕ್ಕೆಯ ಹಿಂಬದಿಯ ಪಟ್ಟಿಗಳು ಮೇಲೆ ಕೆಳಗೆ ಆಡುತ್ತಿವೆ. ಏನೋ ಕೆಟ್ಟಿದೆ ಎಂದು ಗಾಬರಿಯಾಗುವುದು ಸಹಜ. ಆದರೆ ಸಾಮಾನ್ಯವಾಗಿ ಅದು ಪೈಲಟ್‌ಗಳು ಬೇಕೆಂದೇ ಮಾಡುವ ಪರೀಕ್ಷೆ. ಅದನ್ನು ಮಾಡದಿದ್ದರೇ ಅಪಾಯ.

ಏನು ಪರೀಕ್ಷಿಸುತ್ತಾರೆ?

ರೆಕ್ಕೆಯ ತುದಿಯ ಬಳಿಯಿರುವ ಏಲೆರಾನ್ ವಿಮಾನವನ್ನು ಎಡಕ್ಕೆ, ಬಲಕ್ಕೆ ವಾಲಿಸುತ್ತದೆ. ಬಾಲದಲ್ಲಿರುವ ಎಲಿವೇಟರ್ ಮೂತಿಯನ್ನು ಮೇಲೆ ಕೆಳಗೆ ಮಾಡುತ್ತದೆ, ರಡ್ಡರ್ ಮೂತಿಯನ್ನು ಪಕ್ಕಕ್ಕೆ ತಿರುಗಿಸುತ್ತದೆ. ಹಾರುವ ಮುನ್ನ ಪೈಲಟ್ ಇವೆಲ್ಲವನ್ನೂ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಆಡಿಸಿ ನೋಡುತ್ತಾರೆ. ಪ್ರಶ್ನೆಗಳು ಎರಡೇ: ಎಲ್ಲೂ ಸಿಕ್ಕಿಕೊಳ್ಳದೆ ಪೂರ್ತಿ ಆಡುತ್ತಿದೆಯೇ? ಸರಿಯಾದ ದಿಕ್ಕಿಗೇ ಆಡುತ್ತಿದೆಯೇ? ಬಲಕ್ಕೆ ವಾಲಿಸಲು ಹೇಳಿದಾಗ ಬಲರೆಕ್ಕೆಯ ಏಲೆರಾನ್ ಮೇಲೇಳಬೇಕು, ಎಡರೆಕ್ಕೆಯದು ಕೆಳಗಿಳಿಯಬೇಕು.

ಬೀಗ ತೆಗೆಯಲು ಮರೆತಾಗ

ನಿಂತ ವಿಮಾನದ ಈ ಭಾಗಗಳು ಗಾಳಿಗೆ ಬಡಿದುಕೊಳ್ಳದಂತೆ ಕೆಲವು ವಿಮಾನಗಳಲ್ಲಿ ‘ಗಸ್ಟ್ ಲಾಕ್’ ಎಂಬ ಬೀಗ ಇರುತ್ತದೆ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೊದಲ್ಲಿ ಬೋಯಿಂಗ್ ಕಂಪನಿಯ ಹೊಸ ಬಾಂಬರ್, ಮಾಡೆಲ್ 299, ಈ ಬೀಗ ತೆಗೆಯದೆಯೇ ಮೇಲೇರಿ ಬಿತ್ತು. ಅದರಲ್ಲಿದ್ದ ಇಬ್ಬರು ಪೈಲಟ್‌ಗಳು ಸತ್ತರು, ಅವರು ಅನನುಭವಿಗಳೇನೂ ಆಗಿರಲಿಲ್ಲ. ನೆನಪನ್ನು ಮಾತ್ರ ನಂಬಿದರೆ ಆಗದು ಎಂಬ ಪಾಠದಿಂದ ಬಳಕೆಗೆ ಬಂದದ್ದೇ ಪೈಲಟ್‌ಗಳ ಚೆಕ್‌ಲಿಸ್ಟ್.

ಸುಮಾರು 80 ವರ್ಷಗಳ ನಂತರ, 2014ರ ಮೇ 31ರಂದು, ಮ್ಯಾಸಚೂಸೆಟ್ಸ್‌ನಲ್ಲಿ ಅದೇ ತಪ್ಪು ಮರುಕಳಿಸಿತು. ಬೀಗ ಹಾಕಿದ್ದ ಗಲ್ಫ್‌ಸ್ಟ್ರೀಮ್ ಜೆಟ್ ಮೇಲೇಳಲಾಗದೆ ರನ್‌ವೇ ದಾಟಿ ಹೋಗಿ ಬೆಂಕಿಗೆ ಆಹುತಿಯಾಯಿತು. ಒಳಗಿದ್ದ 7 ಮಂದಿಯೂ ಸತ್ತರು. ತನಿಖೆಯಲ್ಲಿ ಹೊರಬಂದ ಸಂಗತಿ ಇನ್ನೂ ಆತಂಕದ್ದು: ಹಿಂದಿನ 175 ಟೇಕಾಫ್‌ಗಳ ಪೈಕಿ ಶೇ 98ರಲ್ಲಿ ಈ ಪೈಲಟ್‌ಗಳು ಪರೀಕ್ಷೆಯನ್ನು ಪೂರ್ತಿ ಮಾಡಿರಲಿಲ್ಲ. ಅಷ್ಟು ಸಲ ಏನೂ ಆಗದಿದ್ದುದೇ ಅವರನ್ನು ಮೈಮರೆಸಿರಬೇಕು.

ಆಡಿದರೆ ಸಾಲದು, ದಿಕ್ಕೂ ಸರಿಯಿರಬೇಕು

2001ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಲುಫ್ತಾನ್ಸಾದ ಏರ್‌ಬಸ್ ಎ320 ಒಂದರ ರಿಪೇರಿ ವೇಳೆ ವೈರ್‌ಗಳು ಅದಲು ಬದಲಾಗಿದ್ದವು. ಕ್ಯಾಪ್ಟನ್ ಬಲಕ್ಕೆ ವಾಲಿಸಿದರೆ ವಿಮಾನ ಎಡಕ್ಕೆ ವಾಲುತ್ತಿತ್ತು. ನೆಲದಲ್ಲಿ ಪರೀಕ್ಷೆ ನಡೆದಿತ್ತು, ಪಟ್ಟಿಗಳು ಆಡಿಯೂ ಇದ್ದವು. ಯಾವ ಕಡೆಗೆ ಆಡಿದವು ಎಂಬುದು ಗಮನಕ್ಕೆ ಬರಲಿಲ್ಲ. ಟೇಕಾಫ್ ಆಗುತ್ತಲೇ ಎಡರೆಕ್ಕೆಯ ತುದಿ ಇನ್ನೇನು ನೆಲಕ್ಕೆ ತಾಗಬೇಕು ಅನ್ನುವಷ್ಟು ಕೆಳಗೆ ಬಂತು. ಸರಿಯಿದ್ದ ತನ್ನ ಸ್ಟಿಕ್‌ನಿಂದ ಸಹ ಪೈಲಟ್ ನಿಯಂತ್ರಣ ತೆಗೆದುಕೊಂಡದ್ದರಿಂದ ವಿಮಾನ ಸುರಕ್ಷಿತವಾಗಿ ಇಳಿಯಿತು.

ನಮಗೇನು ಪಾಠ?

ಮುಂದಿನ ಸಲ ಆ ಪಟ್ಟಿಗಳು ಆಡುವುದು ಕಂಡರೆ ಪೈಲಟ್ ತಮ್ಮ ಕೆಲಸ ಮಾಡುತ್ತಿದ್ದಾರೆ ಎಂದುಕೊಳ್ಳಿ. ‘ತಾಂತ್ರಿಕ ದೋಷ’ವೆಂದು ವಿಮಾನ ರನ್‌ವೇಯಿಂದ ವಾಪಸಾದರೆ ಸಿಟ್ಟು ಬರಬಹುದು. ಆದರೆ ದೋಷ ಆಕಾಶದಲ್ಲಿ ಗೊತ್ತಾಗುವುದಕ್ಕಿಂತ ನೆಲದಲ್ಲಿ ಗೊತ್ತಾಗುವುದೇ ಮೇಲು. ನಿಜಕ್ಕೂ ಏನಾದರೂ ವಿಚಿತ್ರವಾಗಿ ಕಂಡರೆ ಮೊದಲು ಗಗನಸಖಿಗೆ ಹೇಳಿ. ವಿಡಿಯೊ ಫಾರ್ವರ್ಡ್ ಮಾಡುವುದು ಆಮೇಲಾದರೂ ಆದೀತು.